ಎವರೆಸ್ಟಿನಿಂದ ನೆಯ್ಯೂರಿಗೆ: ಶಸ್ತ್ರವೈದ್ಯ ಹೊವಾರ್ಡ್ ಸಾಮರ್ವೆಲ್ ಅವರ ಜೀವನ

ಬಾಗಲಗುಂಟೆಯ ಕಡೆ ಚಳಿಗಾಲವೆಂದರೆ ಪುಷ್ಯಮಾಸದ ಮುಂಜಾನೆಗಳಲ್ಲಿ ಹೆಸರಘಟ್ಟದ ರಸ್ತೆಯ ಮೇಲೆ ತುಸುಹೊತ್ತು ಕವಿದು ಬಿಸಿಲೇರಿದೊಡನೆ ಕರಗಿಹೋಗುವ ಮಂಜು. ಇಲ್ಲಿನ ಶಾಲೆಯ ಮಕ್ಕಳು ಹಿಮವನ್ನು ಭೂಗೋಳದ ಪಾಠದಲ್ಲಿ ಓದಿ, ಚಿತ್ರಗಳಲ್ಲಿ ಕಂಡು ಬಲ್ಲರೇ ಹೊರತು ಮುಟ್ಟಿ ಬಲ್ಲವರಲ್ಲ. ಆದುದರಿಂದ ಹಿಮದ ನಾಡಿನ ಕ್ರೀಡೆಯಲ್ಲಿ ಪದಕ ಪಡೆದ ವೈದ್ಯರೊಬ್ಬರ ಚರಿತ್ರೆಯು ದೂರದೇಶದ ವಾರ್ತೆಯಂತೆ ತೋರುವುದು ಸಹಜ. ಆದರೆ 1924ರಲ್ಲಿ ಫ್ರಾನ್ಸ್ ದೇಶದ ಶಾಮೊನಿಯಲ್ಲಿ ನಡೆದ ಪ್ರಥಮ ಚಳಿಗಾಲದ ಒಲಿಂಪಿಕ್ ಕ್ರೀಡೋತ್ಸವದಲ್ಲಿ ಪದಕಕ್ಕೆ ಪಾತ್ರರಾದವರ ಪೈಕಿ ಒಬ್ಬರು ತಮ್ಮ ಕರ್ತೃತ್ವದ ವರ್ಷಗಳಲ್ಲಿ ಬಹುಭಾಗವನ್ನು ಕಳೆದುದು ದಕ್ಷಿಣ ಭಾರತದಲ್ಲಿ. ಕನ್ಯಾಕುಮಾರಿಗೆ ಅನತಿದೂರದ ನೆಯ್ಯೂರೆಂಬ ಊರಿನಲ್ಲಿ, ತೆಂಗು ತಾಳೆಗಳ ನೆರಳಿನ ಆಸ್ಪತ್ರೆಯೊಂದರಲ್ಲಿ, ಹಿಮದ ಲವಲೇಶವೂ ಇಲ್ಲದ ಸೆಕೆಯ ಸೀಮೆಯಲ್ಲಿ. ಅವರ ಹೆಸರು ಡಾಕ್ಟರ್ ಥಿಯೊಡೋರ್ ಹೊವಾರ್ಡ್ ಸಾಮರ್ವೆಲ್. ಪರ್ವತಾರೋಹಣದ ಇತಿಹಾಸವನ್ನು ಬಲ್ಲವರಿಗೆ ಇವರು ಎವರೆಸ್ಟ್ ಶಿಖರದ ಮೇಲೆ ಇಪ್ಪತ್ತೆಂಟು ಸಾವಿರ ಅಡಿಗಳವರೆಗೆ ಆಮ್ಲಜನಕದ ನೆರವಿಲ್ಲದೆ ಏರಿದ ವೀರರು. ನೆಯ್ಯೂರಿನ ಹಳ್ಳಿಗರಿಗೆ ಇವರು ಹೊಟ್ಟೆಯ ಹುಣ್ಣನ್ನು ಕೊಯ್ದು ಗುಣಪಡಿಸುವ ದೊರೆ ವೈದ್ಯರು. ಈ ಎರಡು ಕೀರ್ತಿಗಳಲ್ಲಿ ಎರಡನೆಯದನ್ನು ಅವರು ತಾವಾಗಿಯೇ ಆರಿಸಿಕೊಂಡರು. ಆ ಆಯ್ಕೆಗೆ ತೆತ್ತ ಬೆಲೆಯೂ ಸಣ್ಣದಲ್ಲ.

ಸಾಮರ್ವೆಲ್ ಅವರು 1890ನೆಯ ಇಸವಿ ಏಪ್ರಿಲ್ 16ರಂದು ಇಂಗ್ಲೆಂಡಿನ ವೆಸ್ಟ್‌ಮೋರ್ಲೆಂಡ್ ಪ್ರಾಂತ್ಯದ ಕೆಂಡಲ್ ಪಟ್ಟಣದಲ್ಲಿ ಜನಿಸಿದರು. ಅವರದು ಪಾದರಕ್ಷೆಗಳನ್ನು ತಯಾರಿಸುವ ದೊಡ್ಡ ಉದ್ಯಮವನ್ನು ನಡೆಸುತ್ತಿದ್ದ ಸಿರಿವಂತ ಮನೆತನ. ದೈವಭಕ್ತಿಯೂ ಶ್ರಮಪ್ರೀತಿಯೂ ಆ ಮನೆಯಲ್ಲಿ ಒಟ್ಟಿಗೆ ನೆಲೆಸಿದ್ದುವು. ಕೆಂಡಲಿನ ಸುತ್ತಮುತ್ತ ಸರೋವರಗಳೂ ಬಂಡೆಗಳ ಬೆಟ್ಟಗಳೂ ಇರುವುದರಿಂದ ಬಾಲಕನಿಗೆ ಬೆಟ್ಟ ಹತ್ತುವ ಹವ್ಯಾಸವು ನಡೆಯುವುದನ್ನು ಕಲಿತಷ್ಟೇ ಸಹಜವಾಗಿ ಬಂದಿತು. ಹದಿನೆಂಟರ ಪ್ರಾಯದಲ್ಲಿಯೇ ಆ ಪ್ರಾಂತ್ಯದ ಆರೋಹಿಗಳ ಸಂಘವನ್ನು ಸೇರಿದರು. ರಗ್ಬಿ ಶಾಲೆಯಲ್ಲಿ ಓದು ಮುಗಿಸಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕೀಸ್ ಕಾಲೇಜನ್ನು ಪ್ರವೇಶಿಸಿ, ಪ್ರಕೃತಿ ವಿಜ್ಞಾನಗಳಲ್ಲಿ ಎರಡು ಸಲವೂ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆ ಹೊಂದಿದರು. ಬಳಿಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ. ಸಂಗೀತದಲ್ಲಿ ಪರಿಶ್ರಮ, ಚಿತ್ರಕಲೆಯಲ್ಲಿ ನೈಪುಣ್ಯ, ದೇಹದಲ್ಲಿ ಎತ್ತಿನ ಬಲ: ಇಷ್ಟೆಲ್ಲವೂ ಒಬ್ಬನಲ್ಲಿ ಕೂಡಿಬರುವುದು ಅಪೂರ್ವ.

ಇಷ್ಟರಲ್ಲಿ ಪ್ರಥಮ ಮಹಾಯುದ್ಧ ಬಂದೊದಗಿತು. 1915ರಿಂದ 1918ರವರೆಗೆ ಸಾಮರ್ವೆಲ್ ಅವರು ಸೇನೆಯ ವೈದ್ಯದಳದಲ್ಲಿ ಕ್ಯಾಪ್ಟನ್ ಪದವಿಯಲ್ಲಿದ್ದು ಫ್ರಾನ್ಸಿನ ರಣಾಂಗಣದ ಹಿಂಬದಿಯ ಆಸ್ಪತ್ರೆಯಲ್ಲಿ ಕೆಲಸಮಾಡಿದರು. 1916ನೆಯ ಇಸವಿ ಜುಲೈ 1ರಂದು ಸೋಮ್ ನದಿಯ ಕದನ ಆರಂಭವಾಯಿತು. ಆ ಒಂದೇ ದಿನ ಬ್ರಿಟಿಷ್ ಸೇನೆಯಲ್ಲಿ ಸತ್ತವರು 19,240 ಮಂದಿ. ಗಾಯಗೊಂಡವರೂ ಕಾಣೆಯಾದವರೂ ಕೂಡಿದರೆ ಒಟ್ಟು ನಷ್ಟ 57,470. ಸುಮಾರು ಸಾವಿರ ಮಂದಿಗೆಂದು ಸಿದ್ಧಪಡಿಸಿದ್ದ ಆಸ್ಪತ್ರೆಯ ಮುಂದೆ ಗಾಯಾಳುಗಳನ್ನು ಹೊತ್ತ ಮೋಟಾರುಗಳು ಒಂದು ಮೈಲಿಯುದ್ದ ಸಾಲುಗಟ್ಟಿ ನಿಂತುವು. ಡೇರೆಯೊಳಗೆ ಕತ್ತಿ ಹಿಡಿದು ನಿಂತ ಶಸ್ತ್ರವೈದ್ಯರು ನಾಲ್ವರೇ. ಒಂದು ಶಸ್ತ್ರಕ್ರಿಯೆ ಮುಗಿದು ಮತ್ತೊಂದು ಆರಂಭವಾಗುವ ನಡುವೆ ಸಾಮರ್ವೆಲ್ ಅವರು ಹೊರಗೆ ಬಂದು ಹುಲ್ಲಿನ ಮೇಲೆ ಸಾಲುಸಾಲಾಗಿ ಮಲಗಿಸಿದ್ದ ಗಾಯಾಳುಗಳ ನಡುವೆ ನಡೆಯಬೇಕಾಗುತ್ತಿತ್ತು. ಯಾರನ್ನು ಒಳಕ್ಕೆ ಒಯ್ಯತಕ್ಕದ್ದು, ಯಾರನ್ನು ಸಾಯಲು ಬಿಡತಕ್ಕದ್ದು ಎಂಬುದನ್ನು ಕಣ್ಣಳತೆಯಿಂದಲೇ ತೀರ್ಮಾನಿಸಬೇಕು. ತನ್ನನ್ನು ಮೊದಲು ನೋಡಿರೆಂದು ಆ ಯುವಕರಲ್ಲಿ ಯಾರೊಬ್ಬನೂ ಬೇಡಿಕೊಳ್ಳದೆ, ಪಕ್ಕದವನ ಕಡೆಗೆ ಕೈತೋರಿದುದನ್ನು ಅವರು ಜೀವನಪರ್ಯಂತ ನೆನೆದರು. ಯುದ್ಧದಿಂದ ಹಿಂದಿರುಗಿದ ಸಾಮರ್ವೆಲ್ ಯುದ್ಧದ್ವೇಷಿಯಾಗಿದ್ದರು. 1920ರಲ್ಲಿ ರಾಯಲ್ ಶಸ್ತ್ರವೈದ್ಯ ಪರಿಷತ್ತಿನ ಫೆಲೋ ಪದವಿ ಅವರಿಗೆ ಪ್ರಾಪ್ತವಾಯಿತು. ಲಂಡನ್ನಿನಲ್ಲಿ ಕೈತುಂಬ ವರಮಾನ ತರಬಲ್ಲ ವೃತ್ತಿ ಅವರನ್ನು ಎದುರುನೋಡುತ್ತಿತ್ತು. ರಜೆಯ ದಿನಗಳಲ್ಲಿ ಆಲ್ಪ್ಸ್ ಪರ್ವತಗಳನ್ನು ಏರುತ್ತ ಶ್ರೇಷ್ಠ ಆರೋಹಿಯೆಂದೂ ಹೆಸರು ಗಳಿಸಿದರು.

1922ರಲ್ಲಿ ಎವರೆಸ್ಟ್ ಶಿಖರವನ್ನು ಏರಲೆಂದೇ ಹೊರಟ ಮೊಟ್ಟಮೊದಲ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಿತು. ಜನರಲ್ ಚಾರ್ಲ್ಸ್ ಬ್ರೂಸ್ ಅದರ ನಾಯಕರು. ನೇಪಾಳದ ಬಾಗಿಲು ಆಗ ವಿದೇಶೀಯರಿಗೆ ಮುಚ್ಚಿದ್ದರಿಂದ ಡಾರ್ಜಿಲಿಂಗಿನಿಂದ ಹೊರಟು ಟಿಬೆಟ್ಟಿನ ಪ್ರಸ್ಥಭೂಮಿಯನ್ನು ಬಳಸಿಕೊಂಡು ಉತ್ತರ ದಿಕ್ಕಿನಿಂದ ಶಿಖರವನ್ನು ಸಮೀಪಿಸಬೇಕಾಗಿತ್ತು. ದಾರಿಯುದ್ದಕ್ಕೂ ಸಾಮರ್ವೆಲ್ ಅವರು ಜಲವರ್ಣದ ಚಿತ್ರಗಳನ್ನು ಬರೆದರು. ಟಿಬೆಟ್ಟಿನ ಹಾಡುಗಳನ್ನು ಕಿವಿಗೊಟ್ಟು ಆಲಿಸಿ ಸ್ವರಲಿಪಿಯಲ್ಲಿ ದಾಖಲಿಸಿಕೊಂಡರು. ಆ ಸ್ವರಗಳನ್ನು ಮುಂದೆ ಆ ಯಾತ್ರೆಯ ಚಲಚ್ಚಿತ್ರಕ್ಕಾಗಿ ವಾದ್ಯವೃಂದಕ್ಕೆ ಅಳವಡಿಸಿದವರೂ ಅವರೇ. ತಂಡದ ಇನ್ನೊಬ್ಬ ಸದಸ್ಯರಾದ ಜಾರ್ಜ್ ಮ್ಯಾಲರಿಯವರೊಡನೆ ಬೆಳೆದ ಸ್ನೇಹ ಈ ಯಾತ್ರೆಯ ಫಲ. ಹಿಮದ ನಡುವಣ ಡೇರೆಯಲ್ಲಿ ಈ ಇಬ್ಬರೂ ಮಲಗುಚೀಲದೊಳಗೆ ಹುದುಗಿಕೊಂಡು ಶೇಕ್ಸ್‌ಪಿಯರ್ ನಾಟಕಗಳನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರಂತೆ.

ಮೇ 21ರಂದು ಮ್ಯಾಲರಿ, ನಾರ್ಟನ್ ಹಾಗೂ ಸಾಮರ್ವೆಲ್ ಅವರು ಆಮ್ಲಜನಕದ ಕೊಳವೆಗಳಿಲ್ಲದೆ 26,985 ಅಡಿಗಳನ್ನು, ಎಂದರೆ 8,225 ಮೀಟರುಗಳನ್ನು ಮುಟ್ಟಿದರು. ಅಲ್ಲಿಯವರೆಗೆ ಭೂಮಿಯ ಮೇಲೆ ಯಾವ ಮನುಷ್ಯನೂ ಅಷ್ಟು ಎತ್ತರಕ್ಕೆ ಕಾಲಿಟ್ಟುದಕ್ಕೆ ದಾಖಲೆಯಿಲ್ಲ. ಅವರೊಡನೆ ಹೊರಟಿದ್ದ ಮಾರ್ಸ್‌ಹೆಡ್ ಅವರು ಅರ್ಧದಲ್ಲಿಯೇ ಬಳಲಿ ನಿಂತಿದ್ದರು; ಚಳಿಗೆ ಅವರ ಬೆರಳುಗಳು ಸತ್ತುಹೋಗಿದ್ದುವು. ಇಳಿಯುವಾಗ ನಾಲ್ವರೂ ಒಂದೇ ಹಗ್ಗದಲ್ಲಿದ್ದರು. ಒಬ್ಬರು ಜಾರಿದೊಡನೆ ಮತ್ತಿಬ್ಬರು ಸೆಳೆಯಲ್ಪಟ್ಟರು. ಮ್ಯಾಲರಿಯವರು ಹಿಮಗೊಡಲಿಯನ್ನು ನೆಟ್ಟು ಹಗ್ಗವನ್ನು ಅದಕ್ಕೆ ಸುತ್ತಿ ಹಿಡಿಯದಿದ್ದರೆ ನಾಲ್ವರ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಯಾತ್ರೆಯ ಅತ್ಯಂತ ಕಠೋರ ದಿನ ಜೂನ್ 7. ಮಳೆಗಾಲ ಹತ್ತಿರವಾಗಿ ಹೊಸ ಹಿಮ ದಪ್ಪಗೆ ಬಿದ್ದಿತ್ತು. ಆದರೂ ಮತ್ತೊಂದು ಪ್ರಯತ್ನ ಮಾಡಿ ನೋಡೋಣವೆಂದು ಮ್ಯಾಲರಿ, ಸಾಮರ್ವೆಲ್, ಕ್ರಾಫರ್ಡ್ ಈ ಮೂವರು ಹದಿನಾಲ್ವರು ಹೊರೆಯಾಳುಗಳೊಡನೆ ನಾರ್ತ್ ಕೋಲ್ ಎಂಬ ಎತ್ತರದ ತಗ್ಗಿಗೆ ಹೋಗುವ ಇಳಿಜಾರನ್ನು ಏರತೊಡಗಿದರು. ತೊಡೆಯವರೆಗೆ ಹೂಳುವ ಹಿಮದಲ್ಲಿ ದಾರಿ ಬಿಡಿಸುತ್ತ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವರು ಸಾಮರ್ವೆಲ್. ಒಮ್ಮೆಲೆ ಸಿಡಿಲಿನಂಥ ಸದ್ದಾಯಿತು; ಕಾಲಕೆಳಗಿನ ಹಿಮವೆಲ್ಲ ಒಂದು ಹಾಸಾಗಿ ಜಾರಿತು. ಮುಂದಿನ ಹಗ್ಗದಲ್ಲಿದ್ದವರು ಸ್ವಲ್ಪ ದೂರ ಸೆಳೆಯಲ್ಪಟ್ಟು ಎದ್ದುನಿಂತರು. ಹಿಂದಿನ ಹಗ್ಗಗಳಲ್ಲಿದ್ದ ಒಂಬತ್ತು ಮಂದಿ ಹೊರೆಯಾಳುಗಳು ಹಿಮದ ಗೋಡೆಯ ಅಂಚಿನಿಂದ ಕೆಳಗಿನ ಬಿರುಕಿಗೆ ಬಿದ್ದರು. ಕೈಯಿಂದ ತೋಡಿ ಇಬ್ಬರನ್ನು ಜೀವಸಹಿತ ಎಳೆದದ್ದಾಯಿತು. ಏಳು ಮಂದಿ ಅಲ್ಲಿಯೇ ಅಳಿದರು.

ಆ ಏಳು ಮಂದಿ ಕೂಲಿಗಾಗಿ ಹೊರೆ ಹೊತ್ತವರು. ಶಿಖರದ ಕೀರ್ತಿಯಲ್ಲಿ ಅವರಿಗೆ ಪಾಲಿರಲಿಲ್ಲ. ಹಿಮದ ಸ್ವಭಾವವನ್ನು ತೂಗಿನೋಡಿ ಏರಬಹುದೆಂದು ತೀರ್ಮಾನಿಸಿದವರು ಮೂವರು ಆಂಗ್ಲರು. ಆ ಮೂವರಿಗೂ ಕೂದಲು ಕೊಂಕಲಿಲ್ಲ. ತಮ್ಮವರಲ್ಲಿ ಒಬ್ಬರಾದರೂ ಆ ಏಳು ಮಂದಿಯೊಡನೆ ಸತ್ತಿದ್ದರೆ, ಅಪಾಯವನ್ನು ಸಮನಾಗಿ ಹಂಚಿಕೊಂಡೆವೆಂದು ಉಳಿದವರಿಗೆ ತಿಳಿಯುತ್ತಿತ್ತೆಂಬ ಭಾವನೆ ಸಾಮರ್ವೆಲ್ ಅವರನ್ನು ಕಾಡಿತು. ಇದನ್ನು ಮರೆಮಾಚದೆ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಸಾಹಸಯಾತ್ರೆಗಳ ಗ್ರಂಥಗಳಲ್ಲಿ ಹೊರೆಯಾಳುಗಳ ಸಾವು ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ ಕಾಲ ಅದು ಎಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಯಾತ್ರೆ ಮುಗಿದ ಮೇಲೆ ಸಾಮರ್ವೆಲ್ ನೇರವಾಗಿ ಸ್ವದೇಶಕ್ಕೆ ತೆರಳಲಿಲ್ಲ. ಭಾರತವನ್ನು ನೋಡುವ ಇಚ್ಛೆಯಿಂದ ದಕ್ಷಿಣಾಭಿಮುಖವಾಗಿ ಪಯಣಿಸುತ್ತ ಅಂದಿನ ತಿರುವಾಂಕೂರು ಸಂಸ್ಥಾನದ ತುತ್ತತುದಿಗೆ ಬಂದರು. ನೆಯ್ಯೂರಿನಲ್ಲಿ ಲಂಡನ್ ಮಿಷನರಿ ಸಂಸ್ಥೆಯವರ ಆಸ್ಪತ್ರೆಯಿತ್ತು. 1838ರಲ್ಲಿ ರ‍್ಯಾಮ್ಸೆ ಎಂಬ ವೈದ್ಯರು ಅಲ್ಲಿ ಆರಂಭಿಸಿದ ಕೆಲಸವು ಕ್ರಮೇಣ ಬೆಳೆದು, ಸುತ್ತಣ ಸೀಮೆಯಲ್ಲಿ ಶಾಖಾ ಆಸ್ಪತ್ರೆಗಳನ್ನೂ ಹೊಂದಿ, ಲಕ್ಷಾಂತರ ಜನಕ್ಕೆ ಆಸರೆಯಾಗಿತ್ತು. ಇಷ್ಟೊಂದು ಜನಕ್ಕೆ ಶಸ್ತ್ರಕ್ರಿಯೆ ಮಾಡಲು ಇದ್ದವರು ಡಾಕ್ಟರ್ ಪ್ಯೂ ಒಬ್ಬರೇ. ಸಾಮರ್ವೆಲ್ ಅಲ್ಲಿಗೆ ಬಂದಾಗ ಅವರು ದಣಿದು ಸೋತುಹೋಗಿದ್ದರು. ಅತಿಥಿಯಾಗಿ ಬಂದವರು ಅಂಗಿಯ ತೋಳು ಮಡಿಸಿ ಶಸ್ತ್ರಾಗಾರವನ್ನು ಹೊಕ್ಕರು. ಹೊರಗೆ ರೋಗಿಗಳ ಸಾಲು. ಗಾಡಿಯಲ್ಲಿ ಬಂದವರು, ಹೆಗಲಮೇಲೆ ಹೊರಿಸಿಕೊಂಡು ಬಂದವರು, ವರ್ಷಗಟ್ಟಲೆ ನೋವುಂಡು ಕಡೆಯ ಆಸೆಯಿಂದ ಬಂದವರು. ಸೋಮ್ ಕದನದ ಹುಲ್ಲುಗಾವಲನ್ನು ಕಂಡ ಕಣ್ಣು ಅದು. ಸರದಿ ಬರುವ ಮುನ್ನವೇ ಸಾಯುವ ಮನುಷ್ಯರ ಸಾಲು ಯುದ್ಧವಿಲ್ಲದ ನಾಡಿನಲ್ಲಿಯೂ ಉಂಟೆಂಬುದು ಆ ಕೆಲವು ದಿನಗಳಲ್ಲಿ ಮನದಟ್ಟಾಯಿತು.

ಲಂಡನ್ನಿನಲ್ಲಿ ತಾವು ಬಿಟ್ಟುಕೊಟ್ಟ ಸ್ಥಾನವನ್ನು ತುಂಬಲು ಹತ್ತು ಮಂದಿ ಸಮರ್ಥರು ಸಿಕ್ಕಾರು, ನೆಯ್ಯೂರಿಗೆ ಬರುವವರು ಯಾರೂ ಸಿಗರು: ಇದೇ ಅವರ ಲೆಕ್ಕಾಚಾರದ ಸಾರವೆನ್ನಬಹುದು. ಊರಿಗೆ ಹಿಂದಿರುಗಿದವರೇ ತಮ್ಮ ಆಸ್ಪತ್ರೆಯ ಹುದ್ದೆಯ ಆಸೆಯನ್ನು ತೊರೆದು, 1923ರಲ್ಲಿ ಮರಳಿ ತಿರುವಾಂಕೂರಿಗೆ ಬಂದರು. ಮಿತ್ರರಲ್ಲಿ ಕೆಲವರಿಗೆ ಇದು ಅಚ್ಚರಿಯನ್ನು, ಇನ್ನು ಕೆಲವರಿಗೆ ವ್ಯಥೆಯನ್ನು ಉಂಟುಮಾಡಿತು. ಅವರು ಬಂದದ್ದು ಕ್ರೈಸ್ತಮತ ಪ್ರಚಾರದ ಸಂಸ್ಥೆಯೊಂದರ ವೈದ್ಯರಾಗಿ ಎಂಬುದನ್ನೂ ಇಲ್ಲಿ ಹೇಳಬೇಕು. ಅಂಥ ಸಂಸ್ಥೆಗಳ ಉದ್ದೇಶದ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರು ಅಂದೂ ಇದ್ದರು, ಇಂದೂ ಇದ್ದಾರೆ; ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಸಾಮರ್ವೆಲ್ ತಮ್ಮ ಮತದಲ್ಲಿ ದೃಢನಿಷ್ಠೆಯುಳ್ಳವರು, ಅದನ್ನು ಬಾಯಿಬಿಟ್ಟು ಹೇಳುವವರು. ಆದರೆ ಅವರ ಕತ್ತಿಯ ಮುಂದೆ ರೋಗಿಯ ಜಾತಿಮತಗಳ ವಿಚಾರಣೆಯಿರಲಿಲ್ಲ. ಕೀಳೆನಿಸಿಕೊಂಡವರು ದೇವಾಲಯದ ಹತ್ತಿರವೂ ಸುಳಿಯಬಾರದೆಂಬ ಕಟ್ಟುಪಾಡು ತಿರುವಾಂಕೂರಿನಲ್ಲಿ ಉಗ್ರವಾಗಿದ್ದ ಕಾಲ ಅದು. ದೇವಾಲಯ ಪ್ರವೇಶದ ಘೋಷಣೆಯನ್ನು ಮಹಾರಾಜರು ಹೊರಡಿಸಿದುದು 1936ರ ನವೆಂಬರ್ 12ರಂದು. ಅದಕ್ಕೆ ಎಷ್ಟೋ ವರ್ಷ ಮೊದಲೇ ನೆಯ್ಯೂರಿನ ಆಸ್ಪತ್ರೆಯಲ್ಲಿ ಎಲ್ಲ ಜಾತಿಯ ರೋಗಿಗಳೂ ಒಂದೇ ಸೂರಿನಡಿ ಮಲಗಿದ್ದರು.

ನೆಯ್ಯೂರಿನಲ್ಲಿ ನೆಲೆನಿಂತ ವೇಳೆಗೆ ಶಾಮೊನಿಯ ಉತ್ಸವ ನಡೆಯಿತು. 1924ರ ಜನವರಿ 25ರಿಂದ ಫೆಬ್ರವರಿ 5ರವರೆಗೆ ನಡೆದ ಆ ಕೂಟವನ್ನು ಆಗ ಚಳಿಗಾಲದ ಕ್ರೀಡೆಗಳ ಅಂತರರಾಷ್ಟ್ರೀಯ ಸಪ್ತಾಹವೆಂದು ಕರೆದರು. ಪ್ರಥಮ ಚಳಿಗಾಲದ ಒಲಿಂಪಿಕ್ ಎಂಬ ಮನ್ನಣೆ ಅನಂತರ ದೊರೆತದ್ದು. ಮುಕ್ತಾಯ ಸಮಾರಂಭದಲ್ಲಿ ಒಲಿಂಪಿಕ್ ಚಳುವಳಿಯ ಪುನರುಜ್ಜೀವಕರಾದ ಕೂಬರ್ತಾ ಅವರು ಪರ್ವತಾರೋಹಣದ ಬಹುಮಾನವನ್ನು 1922ರ ಎವರೆಸ್ಟ್ ತಂಡಕ್ಕೆ ಘೋಷಿಸಿದರು. ತಂಡದ ಉಪನಾಯಕರಾಗಿದ್ದ ಕರ್ನಲ್ ಸ್ಟ್ರಟ್ ಎಲ್ಲರ ಪರವಾಗಿ ಚಿನ್ನದ ಮೆರುಗಿನ ಬೆಳ್ಳಿಯ ಪದಕಗಳನ್ನು ಸ್ವೀಕರಿಸಿದರು. ಹಿಮಕುಸಿತದಲ್ಲಿ ಮಡಿದ ಏಳು ಮಂದಿ ಹೊರೆಯಾಳುಗಳೂ ಪದಕಕ್ಕೆ ಪಾತ್ರರಾದರು. ಗಡಿಯಾರದ ಮುಳ್ಳಿನೊಡನೆ ಓಡುವ ಜಾರುಗಾಲಿನ ಕ್ರೀಡೆಗಳ ಸಾಲಿನಲ್ಲಿ ಪರ್ವತಾರೋಹಣವನ್ನು ಸೇರಿಸಬಹುದೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅನುಚಿತವಲ್ಲ. 1936ರ ತರುವಾಯ ಒಲಿಂಪಿಕ್ಕಿನವರು ಈ ಬಹುಮಾನವನ್ನು ಕೈಬಿಟ್ಟರು. ಆದರೆ ಎದುರಾಳಿಯೇ ಇಲ್ಲದ ಸ್ಪರ್ಧೆಯಲ್ಲಿ ಪ್ರಾಣವನ್ನು ಪಣವಾಗಿಟ್ಟವರಿಗೆ ಆ ಕಾಲ ಕೊಟ್ಟ ಮನ್ನಣೆ ಅದು. ವಿಶೇಷವೆಂದರೆ ಪದಕ ಪಡೆದವರಲ್ಲಿ ವೇಕ್‌ಫೀಲ್ಡ್, ಲಾಂಗ್‌ಸ್ಟಾಫ್ ಎಂಬ ಇನ್ನಿಬ್ಬರು ವೈದ್ಯರೂ ಇದ್ದರು.

ಅದೇ ವರ್ಷ ಎವರೆಸ್ಟಿಗೆ ಮತ್ತೊಂದು ತಂಡ ಹೊರಟಿತು. ನೆಯ್ಯೂರಿನಿಂದ ಬಿಡುವು ಪಡೆದು ಸಾಮರ್ವೆಲ್ ಅದನ್ನು ಕೂಡಿಕೊಂಡರು. ಜನರಲ್ ಬ್ರೂಸ್ ಅವರು ಮಲೇರಿಯಾ ಜ್ವರದಿಂದ ಹಿಂದಿರುಗಬೇಕಾಗಿ ಬಂದುದರಿಂದ ನಾರ್ಟನ್ ನಾಯಕರಾದರು. ಮೇ ತಿಂಗಳ ಕಡೆಯ ಭಾಗದಲ್ಲಿ ನಾರ್ತ್ ಕೋಲ್‌ನ ಡೇರೆಗಳಲ್ಲಿ ನಾಲ್ವರು ಹೊರೆಯಾಳುಗಳು ಹಿಮಗಾಳಿಗೆ ಸಿಕ್ಕಿ ಇಳಿಯಲಾರದೆ ಉಳಿದರೆಂಬ ಸುದ್ದಿ ಬಂದಿತು. ನಾರ್ಟನ್, ಮ್ಯಾಲರಿ, ಸಾಮರ್ವೆಲ್ ಮೂವರೂ ಅಸ್ವಸ್ಥರಾಗಿದ್ದರು; ಶುಷ್ಕವಾದ ಚಳಿಗಾಳಿಗೆ ಸಾಮರ್ವೆಲ್ ಅವರ ಗಂಟಲು ಆಗಲೇ ಕೆಟ್ಟು ಕೆಮ್ಮು ಬಿಡುತ್ತಿರಲಿಲ್ಲ. ಶಿಖರದ ಯತ್ನಕ್ಕೆಂದು ಕೂಡಿಟ್ಟುಕೊಂಡಿದ್ದ ಬಲವನ್ನೆಲ್ಲ ಈ ಕೆಲಸಕ್ಕೆ ಸುರಿದರೆ ಶಿಖರದ ಆಸೆ ಕೈಬಿಟ್ಟಂತೆಯೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೂವರೂ ಹೊರಟರು. ಕಡೆಯ ಇಳಿಜಾರು ಅತ್ಯಂತ ಅಪಾಯದ್ದು. ಹಗ್ಗದ ತುದಿಯನ್ನು ಕಟ್ಟಿಕೊಂಡು ಆ ಇಳಿಜಾರನ್ನು ಅಡ್ಡಹಾಯ್ದವರು ಸಾಮರ್ವೆಲ್. ಹಗ್ಗ ಮುಗಿದುಹೋಯಿತು, ಹೊರೆಯಾಳುಗಳು ಇನ್ನೂ ಕೆಲವು ಮಾರು ದೂರದಲ್ಲಿದ್ದರು. ಇಬ್ಬರು ಹೇಗೋ ತಲಪಿದರು. ಉಳಿದ ಇಬ್ಬರು ಒಟ್ಟಿಗೆ ಹೊರಟು ಜಾರಿ, ಪ್ರಪಾತದ ಅಂಚಿಗೆ ಹತ್ತಿರದಲ್ಲಿ ನಿಂತರು. ಸಾಮರ್ವೆಲ್ ತಮ್ಮ ಸೊಂಟದ ಹಗ್ಗವನ್ನು ಬಿಚ್ಚಿ, ಹಿಮದಲ್ಲಿ ನೆಟ್ಟ ಗೊಡಲಿಗೆ ಅದನ್ನು ಸುತ್ತಿ, ಒಂದು ಕೈಯಲ್ಲಿ ಅದರ ತುದಿಯನ್ನು ಹಿಡಿದು, ಇನ್ನೊಂದು ಕೈಯನ್ನು ಎಟುಕಿದಷ್ಟು ದೂರ ಚಾಚಿ ಒಬ್ಬೊಬ್ಬರನ್ನಾಗಿ ಕೊರಳಪಟ್ಟಿ ಹಿಡಿದು ಎಳೆದುಕೊಂಡರು. 1922ರ ಏಳು ಸಾವುಗಳನ್ನು ಕಂಡವರಿಗೆ ಆ ನಾಲ್ವರನ್ನು ಬಿಟ್ಟುಬರುವುದು ಸಾಧ್ಯವಿರಲಿಲ್ಲವೆಂದೇ ತೋರುತ್ತದೆ.

ಅದಾದ ಹತ್ತು ಹನ್ನೊಂದು ದಿನಗಳಲ್ಲಿ, ಜೂನ್ 4ರಂದು, ನಾರ್ಟನ್ ಹಾಗೂ ಸಾಮರ್ವೆಲ್ 26,800 ಅಡಿ ಎತ್ತರದ ಡೇರೆಯಿಂದ ಶಿಖರದತ್ತ ಹೊರಟರು. ಅಷ್ಟೆತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟೇ ಇರುತ್ತದೆ. ಒಂದು ಹೆಜ್ಜೆಗೆ ಹತ್ತು ಉಸಿರು ಬೇಕು. ಆಮ್ಲಜನಕದ ಕೊಳವೆಗಳನ್ನು ಇಬ್ಬರೂ ಒಯ್ಯಲಿಲ್ಲ. ನಡುಹಗಲಿನ ಸುಮಾರಿಗೆ ಇಪ್ಪತ್ತೆಂಟು ಸಾವಿರ ಅಡಿಗಳ ಬಳಿ ಸಾಮರ್ವೆಲ್ ಅವರಿಗೆ ಗಂಟಲು ಕಟ್ಟಿ ಉಸಿರು ನಿಲ್ಲುವಂತಾಯಿತು. ಮುಂದೆ ಹೋಗಿರೆಂದು ಗೆಳೆಯನನ್ನು ಕಳುಹಿಸಿ, ತಾವು ಒಂದು ಬಂಡೆಯ ಬಳಿ ಕುಳಿತರು. ನಾರ್ಟನ್ ಒಂಟಿಯಾಗಿ 28,126 ಅಡಿಗಳನ್ನು ಮುಟ್ಟಿ, ಶಿಖರಕ್ಕೆ ಇನ್ನು ಸುಮಾರು ಒಂಬೈನೂರು ಅಡಿಗಳಿರುವಾಗ ಹಿಂದಿರುಗಿದರು.

ಇಳಿಯುವ ದಾರಿಯಲ್ಲಿ ಸಾಮರ್ವೆಲ್ ಅವರ ಹಿಮಗೊಡಲಿ ಕೈಜಾರಿ ಬಿದ್ದುಹೋಯಿತು. ಕತ್ತಲಾಗುತ್ತಿದ್ದ ಹೊತ್ತು. ನಾರ್ಟನ್ ಮುಂದೆ ನಡೆದಿದ್ದರು. ಕೆಮ್ಮು ಬಂದು ಏನೋ ಗಂಟಲಿನಲ್ಲಿ ಅಡ್ಡವಾಗಿ ಸಿಕ್ಕಿಕೊಂಡಿತು; ಉಸಿರು ಒಳಕ್ಕೂ ಹೋಗದು, ಹೊರಕ್ಕೂ ಬಾರದು. ಕೂಗಲು ದನಿಯಿಲ್ಲ. ಹಿಮದ ಮೇಲೆ ಕುಳಿತು ಸಾವನ್ನು ಕಾಯುವುದಷ್ಟೇ ಉಳಿಯಿತೆಂದು ಅವರಿಗೆ ಅನ್ನಿಸಿತು. ಕಡೆಯದಾಗಿ ಎರಡೂ ಕೈಗಳಿಂದ ತಮ್ಮ ಎದೆಯನ್ನು ಬಲವಾಗಿ ಒತ್ತಿ ನೂಕಿದರು. ಅಡಚಿದ್ದ ವಸ್ತು ಕಿತ್ತು ಬಾಯಿಗೆ ಬಂದಿತು. ಅದು ಚಳಿಗೆ ಸತ್ತುಹೋಗಿದ್ದ ಧ್ವನಿಪೆಟ್ಟಿಗೆಯ ಒಳಪೊರೆ. ರಕ್ತ ಉಗುಳಿ, ಎಷ್ಟೋ ದಿನಗಳ ಮೇಲೆ ಸರಾಗವಾಗಿ ಉಸಿರಾಡಿ, ಎದ್ದು ಗೆಳೆಯನನ್ನು ಹಿಂಬಾಲಿಸಿದರು. ತಮ್ಮ ದೇಹದ ಈ ಅವಸ್ಥೆಯನ್ನು ಮುಂದೆ ವರ್ಣಿಸುವಾಗ ಅವರು ಬೇರೊಬ್ಬ ರೋಗಿಯ ಸಂಗತಿಯನ್ನು ಹೇಳುವ ವೈದ್ಯರ ನಿರ್ಲಿಪ್ತಿಯಿಂದಲೇ ಹೇಳಿದ್ದಾರೆ.

ಕೆಳಗೆ ಬಂದಾಗ ಮ್ಯಾಲರಿಯವರು ಮತ್ತೊಂದು ಯತ್ನಕ್ಕೆ ಸಿದ್ಧರಾಗುತ್ತಿದ್ದರು. ಸಾಮರ್ವೆಲ್ ತಮ್ಮ ಪುಟ್ಟ ಕೊಡಾಕ್ ಕ್ಯಾಮೆರಾವನ್ನು ಗೆಳೆಯನ ಕೈಗಿತ್ತು ಬೀಳ್ಕೊಂಡರು. ಜೂನ್ 8ರಂದು ಮ್ಯಾಲರಿಯವರೂ ತರುಣ ಆರೋಹಿ ಅರ್ವಿನ್ ಅವರೂ ಶಿಖರದ ಕಡೆಗೆ ಹೊರಟವರು ಹಿಂದಿರುಗಲಿಲ್ಲ. ಮ್ಯಾಲರಿಯವರ ದೇಹ ದೊರೆತುದು ಎಪ್ಪತ್ತೈದು ವರ್ಷಗಳ ಮೇಲೆ, 1999ರ ಮೇ 1ರಂದು, ಕ್ಯಾಮೆರಾ ಅಲ್ಲಿರಲಿಲ್ಲ. ಆ ಇಬ್ಬರು ಶಿಖರವನ್ನು ಮುಟ್ಟಿದರೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಸಾಮರ್ವೆಲ್ ಕೊಟ್ಟ ಆ ಪುಟ್ಟ ಪೆಟ್ಟಿಗೆಯೊಳಗೆ ಇದ್ದೀತೆಂದು ಜಗತ್ತಿನ ಆರೋಹಿಗಳು ಹುಡುಕಿದ್ದುಂಟು.

ಗೆಳೆಯನನ್ನು ಕಳೆದುಕೊಂಡ ಸಾಮರ್ವೆಲ್ ನೆಯ್ಯೂರಿಗೆ ಮರಳಿದರು. ಮುಂದೆ ಎವರೆಸ್ಟಿನ ಕಡೆಗೆ ಮತ್ತೆ ಹೋಗಲಿಲ್ಲ. 1925ರಲ್ಲಿ ಮಾರ್ಗರೆಟ್ ಹೋಪ್ ಸಿಂಪ್ಸನ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಗಂಡುಮಕ್ಕಳು.

ನೆಯ್ಯೂರಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವರು ಮಾಡಿದ ಕೆಲಸವನ್ನು ಹಿಮಾಲಯದ ಕಥೆಗಳಂತೆ ರೋಮಾಂಚಕವಾಗಿ ಹೇಳಲು ಬಾರದು. ಅದು ದಿನದಿನದ ಕಾಯಕ. ಬೆಳಗಿನಿಂದ ಶಸ್ತ್ರಕ್ರಿಯೆ, ಬಳಿಕ ಮೋಟಾರಿನಲ್ಲಿ ಶಾಖಾ ಆಸ್ಪತ್ರೆಗಳ ಸಂದರ್ಶನ, ಅಲ್ಲಿಯೂ ಶಸ್ತ್ರಕ್ರಿಯೆ. ತಿರುವಾಂಕೂರಿನ ಬಡಜನರಲ್ಲಿ ಜಠರದ ಹಾಗೂ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ವಿಶೇಷವಾಗಿ ಕಾಣುತ್ತಿತ್ತು. ಹುಣ್ಣು ಮಾಗಿ ಕಲೆಕಟ್ಟಿದಾಗ ಜಠರದ ಬಾಯಿ ಕಿರಿದಾಗಿ ಉಂಡ ಅನ್ನ ಕೆಳಕ್ಕಿಳಿಯದು. ರೋಗಿ ವಾಂತಿಮಾಡುತ್ತ, ಒಣಗುತ್ತ, ಹಸಿವೆಯಿಂದಲೇ ಸಾಯುವನು. ಇದಕ್ಕೆ ಅಂದಿದ್ದ ಉಪಾಯವೆಂದರೆ ಹೊಟ್ಟೆಯನ್ನು ಸೀಳಿ, ಜಠರದ ಮತ್ತೊಂದು ಕಡೆ ರಂಧ್ರಮಾಡಿ, ಸಣ್ಣಕರುಳಿನ ಕೆಳಭಾಗವನ್ನು ಎತ್ತಿ ಅದಕ್ಕೆ ಹೊಲಿದು ಅನ್ನಕ್ಕೆ ಹೊಸ ದಾರಿಯನ್ನು ತೆರೆಯುವುದು. ಈ ಕ್ರಿಯೆಯಲ್ಲಿ ಸಾಮರ್ವೆಲ್ ಅವರ ಕೈ ಪಳಗಿದಷ್ಟು ಪಳಗಿದ ಕೈ ಅಂದು ವಿರಳ. ಜಠರದ ಶಸ್ತ್ರಚಿಕಿತ್ಸೆಯನ್ನು ಕುರಿತ ಅವರ ಗ್ರಂಥ 1948ರಲ್ಲಿ ಪ್ರಕಟವಾಯಿತು. ಈ ಹುಣ್ಣಿಗೆ ಬಹುಮಟ್ಟಿಗೆ ಒಂದು ಸೂಕ್ಷ್ಮಜೀವಿ ಕಾರಣವೆಂದು 1980ರ ದಶಕದಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತೋರಿಸಿದ ಮೇಲೆ ಗುಳಿಗೆಗಳೇ ಸಾಕಾದುವು. ಆ ಶಸ್ತ್ರಕ್ರಿಯೆ ಇಂದು ಅಪರೂಪ. ಹಾಗೆಂದು ಅಂದು ಉಳಿದ ಜೀವಗಳ ಲೆಕ್ಕ ಕಡಿಮೆಯಾಗುವುದಿಲ್ಲ.

ಇನ್ನೊಂದು ರೋಗ ಕನ್ನಡನಾಡಿನವರಿಗೂ ಪರಿಚಿತವಾದದ್ದೇ. ಕೆನ್ನೆಯೊಳಗೆ ಎಲೆ ಅಡಿಕೆ ಹೊಗೆಸೊಪ್ಪುಗಳನ್ನು ಹಗಲಿರುಳೂ ಒತ್ತಿಟ್ಟುಕೊಳ್ಳುವವರಿಗೆ ಬರುವ ಬಾಯಿಯ ಕ್ಯಾನ್ಸರ್. ನೆಯ್ಯೂರಿನ ಆಸ್ಪತ್ರೆಗೆ ಇಂಥ ರೋಗಿಗಳು ಹಿಂಡುಹಿಂಡಾಗಿ ಬರುತ್ತಿದ್ದರು. ಕತ್ತಿಯ ಜೊತೆಗೆ ರೇಡಿಯಂ ಚಿಕಿತ್ಸೆಯನ್ನೂ ಅಲ್ಲಿ ಕೈಗೊಂಡರು. ಸಾಮರ್ವೆಲ್ ಅವರ ಸಹೋದ್ಯೋಗಿ ಡಾಕ್ಟರ್ ಆರ್ ಅವರು ಈ ಚಟಕ್ಕೂ ರೋಗಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿ 1933ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆ ಪ್ರಕಟಿಸಿದುದು 2004ರಲ್ಲಿ. ಶುಭಕಾರ್ಯಗಳಲ್ಲಿ ತಾಂಬೂಲವಿಲ್ಲದೆ ಮರ್ಯಾದೆ ಸಲ್ಲದ ನಾಡಿನಲ್ಲಿ ಈ ಮಾತು ಕಿವಿಗೆ ಹಿತವಲ್ಲ. ಕೇಳದೆ ಗತಿಯೂ ಇಲ್ಲ. ಊರವರೂ ಬಂಧುಗಳೂ ಹೊರತಳ್ಳಿದ ಕುಷ್ಠರೋಗಿಗಳಿಗಾಗಿಯೂ ನೆಯ್ಯೂರಿನವರು ಉಡೈಯಾರ್‌ವಿಳೈ ಎಂಬಲ್ಲಿ ಆಸ್ಪತ್ರೆ ನಡೆಸಿದರು.

ಎವರೆಸ್ಟಿನ ಅನುಭವಗಳನ್ನೂ ನೆಯ್ಯೂರಿನ ಸೇವೆಯನ್ನೂ ಒಟ್ಟಿಗೆ ಹೇಳುವ ಅವರ ಆತ್ಮಕಥನ 1936ರಲ್ಲಿ ಹೊರಬಂದಿತು. ಎವರೆಸ್ಟಿನ ತರುವಾಯ ಎಂಬ ಅರ್ಥದ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಲೋಕದ ದೃಷ್ಟಿಯಲ್ಲಿ ಎವರೆಸ್ಟೇ ಅವರ ಬಾಳಿನ ಶಿಖರ. ಅವರ ಲೆಕ್ಕದಲ್ಲಿ ಮುಖ್ಯವಾದದ್ದು ಅದರ ತರುವಾಯ ಬಂದುದು. ಭಾರತದ ವೈದ್ಯಜೀವನವನ್ನು ಕುರಿತ ಇನ್ನೊಂದು ಪುಸ್ತಕವನ್ನೂ ಬರೆದರು. ನೆಯ್ಯೂರಿನ ಜವಾಬ್ದಾರಿಯನ್ನು ಇಳಿಸಿದುದು 1940ರ ದಶಕದ ನಡುವೆ.

ದೇಶ ಸ್ವತಂತ್ರವಾಯಿತು. ತಮ್ಮವರ ಆಳ್ವಿಕೆ ಮುಗಿದೊಡನೆ ಗಂಟುಕಟ್ಟಿದ ಆಂಗ್ಲರು ಎಷ್ಟೋ ಮಂದಿ. ಸಾಮರ್ವೆಲ್ ಅವರು 1949ರಲ್ಲಿ ಪುನಃ ಭಾರತದಲ್ಲಿಯೇ ಕೆಲಸಕ್ಕೆ ನಿಂತರು. ಈ ಸಲ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯದ ಅಧ್ಯಾಪಕರಾಗಿ. ಐಡಾ ಸ್ಕಡರ್ ಅವರು ಕಟ್ಟಿದ ಆ ಸಂಸ್ಥೆಯ ಹೆಸರು ಕೋಲಾರದ ಸೀಮೆಯ ಹಳ್ಳಿಹಳ್ಳಿಗೂ ಗೊತ್ತು. ಬೆಂಗಳೂರಿನಲ್ಲಿ ಕೈಚೆಲ್ಲಿದ ರೋಗಿಯನ್ನು ವೆಲ್ಲೂರಿಗೆ ಒಯ್ಯುವ ವಾಡಿಕೆ ಹಿಂದಿನಿಂದಲೂ ಇದೆ. ಕುಷ್ಠರೋಗಿಗಳ ಕೈಗಳಿಗೆ ಮತ್ತೆ ಚಲನೆ ತಂದುಕೊಟ್ಟ ಪಾಲ್ ಬ್ರ್ಯಾಂಡ್ ಅವರೂ ಅದೇ ಕಾಲದಲ್ಲಿ ಅಲ್ಲಿದ್ದರು. ಅರುವತ್ತರ ಅಂಚಿನಲ್ಲಿದ್ದ ಸಾಮರ್ವೆಲ್ ಒಬ್ಬರೇ ಮಾಡಬಹುದಾದಷ್ಟನ್ನು ಮಾಡಿ ಮುಗಿಸಿ, ತಮ್ಮ ಕೈಯ ವಿದ್ಯೆಯನ್ನು ಭಾರತೀಯ ತರುಣರ ಕೈಗಳಿಗೆ ಒಪ್ಪಿಸುವ ಕೆಲಸದಲ್ಲಿ ತೊಡಗಿದರು. ಅಧ್ಯಾಪಕವೃಂದದವರು ಈ ಮಾತನ್ನು ಗಮನಿಸಿಯಾರು. ಹಿಮದಲ್ಲಿ ದಾರಿ ಬಿಡಿಸಿದ ಮನುಷ್ಯ ಹನ್ನೆರಡು ವರ್ಷ ಕಲಿಸುತ್ತ ಕಳೆದರು.

1961ರಲ್ಲಿ ನಿವೃತ್ತರಾಗಿ ತಮ್ಮ ಹುಟ್ಟುಸೀಮೆಯ ಆಂಬಲ್‌ಸೈಡಿಗೆ ಹಿಂದಿರುಗಿದರು. 1962ರಿಂದ 1965ರವರೆಗೆ ಲಂಡನ್ನಿನ ಆಲ್ಪೈನ್ ಕ್ಲಬ್ಬಿನ ಅಧ್ಯಕ್ಷಸ್ಥಾನ ಅವರನ್ನು ಅರಸಿ ಬಂದಿತು. ಬಣ್ಣ, ಕುಂಚ, ಸಂಗೀತಗಳು ಕಡೆಯವರೆಗೂ ಕೈಬಿಡಲಿಲ್ಲ. ಹಿಮಾಲಯದ ಅವರ ಚಿತ್ರಗಳಲ್ಲಿ ಕೆಲವು ಲಂಡನ್ನಿನ ರಾಯಲ್ ಭೂಗೋಳ ಸಂಘದ ಸಂಗ್ರಹದಲ್ಲಿವೆ. 1975ರ ಜನವರಿ 23ರಂದು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನರಾದರು. ನೆಯ್ಯೂರು 1956ರ ನವೆಂಬರ್ 1ರಿಂದ, ಕನ್ನಡಿಗರಿಗೆ ತಮ್ಮ ನಾಡು ಒಂದಾದ ಅದೇ ದಿನದಿಂದ, ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದೆ. ಆಸ್ಪತ್ರೆ ದಕ್ಷಿಣ ಭಾರತ ಸಭೆಯ ಆಡಳಿತದಲ್ಲಿದೆ.

ಎತ್ತರದ ವಾಯುವಿಗೆ ಮನುಷ್ಯದೇಹ ಮೆಲ್ಲಮೆಲ್ಲನೆ ಹೊಂದಿಕೊಳ್ಳಬಲ್ಲುದು, ಆಮ್ಲಜನಕದ ಕೊಳವೆಗಳಿಲ್ಲದೆಯೂ ಎವರೆಸ್ಟನ್ನು ಏರಬಹುದು ಎಂದು 1924ರಲ್ಲಿಯೇ ಅವರು ನಂಬಿದ್ದರು. ವೈದ್ಯರಾಗಿ ಆ ಬಗ್ಗೆ ಪರೀಕ್ಷೆಗಳನ್ನೂ ನಡೆಸಿದ್ದರು. 1953ರಲ್ಲಿ ತೇನ್‌ಸಿಂಗರೂ ಹಿಲರಿಯವರೂ ಶಿಖರವನ್ನು ಮುಟ್ಟಿದಾಗ ಅವರ ಬೆನ್ನಮೇಲೆ ಕೊಳವೆಗಳಿದ್ದುದರಿಂದ ಈ ಮಾತು ಇತ್ಯರ್ಥವಾಗದೆ ಉಳಿದಿತ್ತು. 1978ರ ಮೇ 8ರಂದು ರೈನ್‌ಹೋಲ್ಡ್ ಮೆಸ್ನರ್, ಪೀಟರ್ ಹಾಬೆಲರ್ ಎಂಬ ಇಬ್ಬರು ಬರಿಯ ಉಸಿರಿನ ಬಲದಿಂದಲೇ ತುದಿಯನ್ನು ಮುಟ್ಟಿ ಬಂದರು. ಸಾಮರ್ವೆಲ್ ತೀರಿಕೊಂಡು ಆಗ ಮೂರು ವರ್ಷ ಕಳೆದಿತ್ತು.